ಮೊದಲು ಮರಗಳ ಹಾಗೆ ಕಂಡ ಜನ

ಚಿಕ್ಕಬಾಣಾವರ ಜಂಕ್ಷನ್ನಿನಲ್ಲಿ ರೈಲು ಹಳಿ ಎರಡು ದಾರಿ ಹಿಡಿಯುತ್ತೆ. ಒಂದು ತುಮಕೂರಿನ ಕಡೆಗೆ. ಇನ್ನೊಂದು ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳ ದಾಟಿ ಹಾಸನಕ್ಕೆ, ಅಲ್ಲಿಂದ ಸಕಲೇಶಪುರದ ಘಟ್ಟ ಇಳಿದು ಮಂಗಳೂರಿಗೆ. ಹಾಸನದ ಲೈನು ಪೂರ್ತಿ ತೆರೆದದ್ದು 2017ರಲ್ಲಿ. ಪೀಣ್ಯದ ಶಿಫ್ಟು ಮುಗಿಸಿ ಬರೋರು, ಹೆಸರಘಟ್ಟ ರಸ್ತೆಯ ಕಾಲೇಜು ಹುಡುಗರು, ಹೊಸ ಅಪಾರ್ಟ್‌ಮೆಂಟುಗಳಲ್ಲಿ ಇಎಂಐ ಕಟ್ಟುತ್ತಿರೋ ಐಟಿಯವರು, ಎಲ್ಲರೂ ಈ ಕಡೆ ಸೇರಿಕೊಂಡಿದ್ದಾರೆ. ಬೆಂಗಳೂರಿನ ಇಂಥ ಹೊರವಲಯಗಳಲ್ಲಿ ಭಾನುವಾರ ಬೆಳಗ್ಗೆ ಕನ್ನಡ, ತಮಿಳು, ತೆಲುಗು, ಮಲಯಾಳಂ ಪ್ರಾರ್ಥನೆಗಳು ಕೇಳುತ್ತವೆ. ಕನ್ನಡದ ಪ್ರಸಂಗದಲ್ಲಿ ಮತ್ತೆ ಮತ್ತೆ ಬರೋ ಒಂದು ಪದ ‘ನಂಬಿಕೆ’. ಆ ಪದದ ಒಂದು ಕಥೆ ಈ ಎರಡನೇ ಹಳಿಯ ಆ ತುದಿಯಲ್ಲಿ, ಮಂಗಳೂರಿನಲ್ಲಿ, ನಡೆಯಿತು. ಅದನ್ನೇ ಇವತ್ತು ಹೇಳಬೇಕು ಅಂತ.

ಕನ್ನಡದಲ್ಲಿ ನಂಬಿಕೆಗೂ ಕಣ್ಣಿಗೂ ಅಷ್ಟಕ್ಕಷ್ಟೆ. ಯಾರನ್ನಾದರೂ ಪೂರ್ತಿ ನಂಬಿದರೆ ‘ಕಣ್ಣು ಮುಚ್ಚಿಕೊಂಡು ನಂಬಿದೆ’ ಅಂತೀವಿ. ಕುರುಡು ನಂಬಿಕೆ, ಮೂಢನಂಬಿಕೆ ಅನ್ನೋ ಪದಗಳು ಪತ್ರಿಕೆಯಲ್ಲಿ ದಿನಾ ಸಿಗುತ್ತವೆ. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಅಂತ ಗಾದೆಯೇ ಇದೆ. ಡೇಟಾ ನೋಡಿ ನಿರ್ಧಾರ ಮಾಡೋ ಕೆಲಸದಲ್ಲಿರುವ ನಮಗಂತೂ ನಂಬಿಕೆ ಅಂದರೆ ಡೇಟಾ ಇಲ್ಲದಾಗ ಮಾಡೋ ಕೆಲಸ.

ಕ್ರೈಸ್ತ ಪರಂಪರೆ ಇದನ್ನ ತಲೆಕೆಳಗು ಮಾಡುತ್ತೆ. ಅಲ್ಲಿ ನಂಬಿಕೆ ಅಂದರೆ ಕಣ್ಣು ಮುಚ್ಚೋದಲ್ಲ, ಕಣ್ಣು ತೆರೆಯೋದು. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ನಂಬಿಕೆಯನ್ನ ವಿವರಿಸೋದು ಕಣ್ಣಿಗೆ ಬೀಳದ ಸಂಗತಿಗಳ ಬಗೆಗಿನ ಖಾತರಿ ಅಂತ. ಆಮೇಲೆ ಅಬ್ರಹಾಮ, ಮೋಶೆ ಹೀಗೆ ಹಳಬರ ಪಟ್ಟಿ ಕೊಟ್ಟು, ಇವರೆಲ್ಲ ಸಿಗಬೇಕಾದ್ದು ಕೈಗೆ ಸಿಗದೆಯೇ ಸತ್ತರು, ಆದರೆ ದೂರದಿಂದ ಅದನ್ನ ಕಂಡಿದ್ದರು ಅನ್ನುತ್ತೆ. ಈ ಮಾತು ನೆನಪಿರಲಿ. ಡಮಾಸ್ಕಸ್ ದಾರಿಯಲ್ಲಿ ಪೌಲನಿಗೆ ನಂಬಿಕೆ ಬಂದದ್ದು ಮೂರು ದಿನ ಕಣ್ಣು ಕಾಣದೆ ಹೋದ ಮೇಲೆ. ಸುವಾರ್ತೆಗಳಲ್ಲಿ ಯೇಸು ಕುರುಡರನ್ನ ವಾಸಿಮಾಡುವ ಪ್ರಸಂಗಗಳು ಒಂದೆರಡಲ್ಲ. ಅವುಗಳಲ್ಲಿ ಒಂದು ವಿಚಿತ್ರವಾಗಿದೆ. ಮಾರ್ಕನ 8ನೇ ಅಧ್ಯಾಯದಲ್ಲಿ ಬೇತ್ಸಾಯಿದ ಅನ್ನೋ ಊರಲ್ಲಿ ಒಬ್ಬ ಕುರುಡನನ್ನ ಯೇಸು ಮುಟ್ಟುತ್ತಾನೆ. ಅವನಿಗೆ ದೃಷ್ಟಿ ಬರುತ್ತೆ, ಆದರೆ ಅರ್ಧಂಬರ್ಧ. ಮನುಷ್ಯರು ಮರಗಳ ಹಾಗೆ ಕಾಣುತ್ತಾರೆ, ಓಡಾಡ್ತಿರೋದರಿಂದ ಮನುಷ್ಯರು ಅಂತ ಗೊತ್ತಾಗುತ್ತೆ ಅಷ್ಟೇ. ಎರಡನೇ ಸಲ ಕೈಯಿಟ್ಟ ಮೇಲೆಯೇ ಎಲ್ಲ ಸ್ಪಷ್ಟ. ಒಂದೇ ಸಲಕ್ಕೆ ವಾಸಿಯಾಗದ ಕಣ್ಣಿನ ಕಥೆ ಸುವಾರ್ತೆಗಳಲ್ಲಿ ಇದೊಂದೇ.

ಕರಾವಳಿಗೆ ಬಂದ ಮಿಷನರಿಗಳ ಚರಿತ್ರೆ ಓದುವಾಗಲೆಲ್ಲ ನನಗೆ ನೆನಪಾಗೋದು ಈ ಎರಡು ಸಲದ ಚಿಕಿತ್ಸೆ.

ಕನ್ನಡಕ್ಕೆ ಈ ಧರ್ಮದ ಮಾತು ಬಂದದ್ದು ಬಾಸೆಲ್ ಮಿಷನ್ನಿನಿಂದ ಅಂತ ಅಂದುಕೊಳ್ಳೋದು ಬೇಡ. 17ನೇ ಶತಮಾನದ ನಡುವಿನಲ್ಲೇ ಇಟಲಿಯ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತಿದ್ದರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲ್ ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಆಮೇಲೆ ಬೇರೆಯವರು ಅದನ್ನ ತಿದ್ದಿದರು. ಪ್ರಾಟೆಸ್ಟಂಟರ ಹಳೆಯ ಬೈಬಲ್ಲಿನಲ್ಲಿ ಗಟ್ಟಿಯಾಗಿ ನೆಲೆಯೂರಿದ ಪದ ‘ನಂಬಿಕೆ’. ಕಥೋಲಿಕರ ಬಾಯಲ್ಲಿ ಅದು ‘ವಿಶ್ವಾಸ’. ಅನುವಾದಕರು ಈ ಪದಗಳನ್ನ ಹೊಸದಾಗಿ ಕಟ್ಟಲಿಲ್ಲ. ನಂಬು ಅನ್ನೋ ಕ್ರಿಯಾಪದವನ್ನ ಅದಕ್ಕೂ ನೂರಾರು ವರ್ಷ ಮೊದಲೇ ವಚನಕಾರರು, ದಾಸರು ಚೆನ್ನಾಗಿ ಉತ್ತು ಹದ ಮಾಡಿದ್ದರು. ಯೆರೂಸಲೇಮಿನ ಬೀಜ ಬಿದ್ದದ್ದು ಕೂಡಲಸಂಗಮ, ಪಂಢರಪುರಗಳ ಗೊಬ್ಬರ ಇದ್ದ ಮಣ್ಣಿಗೆ. ಇದು ಅನುವಾದಕರಿಗೆ ಎಷ್ಟು ಗೊತ್ತಿತ್ತೋ, ಭಾಷೆಗಂತೂ ಗೊತ್ತಿತ್ತು.

1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು: ಹೆಬಿಕ್, ಲೆನರ್, ಗ್ರೈನರ್. ಆ ಮಿಷನ್ನಿನ ಬಹಳಷ್ಟು ಜನ ದಕ್ಷಿಣ ಜರ್ಮನಿಯ ಪಯಟಿಸ್ಟ್ ಹಿನ್ನೆಲೆಯವರು. ಪಯಟಿಸ್ಟರಿಗೆ ಸಿದ್ಧಾಂತಕ್ಕಿಂತ ಒಳಗಿನ ಅನುಭವ ದೊಡ್ಡದು. ಒಂದು ದಿನ ಕಣ್ಣು ತೆರೆಯಿತು, ಹಳೇ ಬದುಕು ಕತ್ತಲೆ ಅಂತ ಗೊತ್ತಾಯಿತು ಅಂತ ಅವರು ತಮ್ಮ ಕಥೆ ಹೇಳಿಕೊಳ್ಳುತ್ತಿದ್ದರು. ಈ ಬೆಳಕು-ಕತ್ತಲೆಯ ಭಾಷೆಯನ್ನೇ ಹಡಗಿನಲ್ಲಿ ಹೊತ್ತು ತಂದರು. ಇಲ್ಲಿನ ಗುಡಿ, ಭೂತದ ಕೋಲ, ಜಾತ್ರೆ ಎಲ್ಲವೂ ಒಂದೇ ಕತ್ತಲೆ. ಜನ ಅಂದರೆ ಕತ್ತಲೆಯಲ್ಲಿ ಕೂತ ಒಂದು ಗುಂಪು. ತಮಗೆ ಕಣ್ಣು ಬಂದಿದೆ ಅನ್ನೋದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. ಆದರೆ ಎದುರಿಗಿದ್ದ ಮನುಷ್ಯರು ಇನ್ನೂ ಮರಗಳ ಹಾಗೆಯೇ ಕಾಣುತ್ತಿದ್ದರು.

1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಹೆಸರು ನಿಮಗೆ ಗೊತ್ತಿರುತ್ತೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಶುರುಮಾಡಿದವರು. ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನ ಆಗಿರೋದು ಅದಕ್ಕೇ. ಪತ್ರಿಕೆ ಶುರುವಾದ ಆರು ತಿಂಗಳಿಗೆ, 1844ರ ಜನವರಿಯಲ್ಲಿ, ಮಂಗಳೂರು ಊರೇ ಅಲುಗಾಡಿದ ಒಂದು ಘಟನೆ ನಡೆಯಿತು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ತೆಗೆದುಕೊಂಡ. ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದ. ವಯಸ್ಸು ಇನ್ನೂ ಇಪ್ಪತ್ತು ದಾಟಿರಲಿಲ್ಲ. ಮದುವೆ ಆಗಿತ್ತು.

ಇದನ್ನ ಎರಡು ಕಡೆಯಿಂದ ನೋಡಬೇಕು. ಅವನ ಕಡೆಯಿಂದ ಅದು ದೃಷ್ಟಿ ಬಂದ ದಿನ. ಕಂಡ ಮೇಲೆ ಕಾಣಲಿಲ್ಲ ಅಂತ ನಟಿಸೋಕೆ ಆಗಲ್ಲ, ಆದ್ದರಿಂದ ಹೊರಟ. ಮನೆಯ ಕಡೆಯಿಂದ ಅದು ಬದುಕಿರುವಾಗಲೇ ಮಗ ಹೋದ ದಿನ. ಆ ಕಾಲದಲ್ಲಿ ಜಾತಿಯಿಂದ ಹೊರಗೆ ಹೋಗೋದು ಅಂದರೆ ಒಂದು ಅಭಿಪ್ರಾಯ ಬದಲಾಯಿಸಿದ ಹಾಗಲ್ಲ. ಊಟದ ಪಂಕ್ತಿ, ಆಸ್ತಿ, ಅಪ್ಪ ಅಮ್ಮನ ಶ್ರಾದ್ಧ, ತಂಗಿಯರ ಮದುವೆ ಎಲ್ಲಕ್ಕೂ ಪೆಟ್ಟು. ಹೆಂಡತಿ ಅವನ ಜೊತೆ ಹೋಗಲಿಲ್ಲ. ಅವನು 1846ರಲ್ಲಿ ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಬೋಧಕನ ದೀಕ್ಷೆ ಪಡೆದು ಬಂದ. 1860ರಲ್ಲಿ ಜರ್ಮನ್ ಹೆಣ್ಣುಮಗಳೊಬ್ಬಳನ್ನ ಮದುವೆಯಾದ.

ಮುಂದಿನ ಕಥೆ ಕೊಡಗಿನದು. ಅಲ್ಲಿ ಭೂಮಾಲೀಕರ ಕೈಕೆಳಗೆ ಜೀತದಂಥ ಸ್ಥಿತಿಯಲ್ಲಿದ್ದ ಹೊಲೆಯ ಕುಟುಂಬಗಳು ಕ್ರೈಸ್ತರಾದಾಗ, ಅವರಿಗೆ ನಿಲ್ಲೋಕೆ ಒಂದು ನೆಲ ಬೇಕಾಯಿತು. ಮೋಗ್ಲಿಂಗ್, ಕೌಂಡಿನ್ಯ ಸೇರಿ ಕಟ್ಟಿದ ವಸಾಹತಿನ ಹೆಸರು ಆನಂದಪುರ. ಕೌಂಡಿನ್ಯರು ವರ್ಷಗಟ್ಟಲೆ ಅಲ್ಲಿ ದುಡಿದರು. ಯಾರ ನೆರಳು ಬೀಳಬಾರದು ಅಂತ ಕಲಿಸಿದ ಸಮಾಜದಲ್ಲಿ ಹುಟ್ಟಿದ ಹುಡುಗ, ಅವರ ಗುಡಿಸಲು, ಅವರ ಕೂಲಿ, ಅವರ ಮಕ್ಕಳ ಓದಿನ ಲೆಕ್ಕ ನೋಡುತ್ತ ಮುದುಕನಾದ. ಆಧ್ಯಾತ್ಮಿಕ ದೃಷ್ಟಿ ಅಂತ ದೊಡ್ಡ ಪದ ಬಳಸೋ ಮೊದಲು ಇದನ್ನ ಗಮನಿಸಬೇಕು. ಅವನಿಗೆ ಸ್ವರ್ಗ ಕಂಡಿತೋ ಇಲ್ಲವೋ, ಪಕ್ಕದಲ್ಲೇ ಇದ್ದು ಕಣ್ಣಿಗೆ ಬೀಳದಿದ್ದ ಜನ ಕಂಡರು.

ಹಾಗೆ ನೋಡಿದರೆ ಮಿಷನ್ನಿಗೂ ಇದು ಪಾಠ ಆಯಿತು. ಮತಾಂತರ ಆದವರಿಗೆ ಹಳೇ ಕಸುಬು ಸಿಗುತ್ತಿರಲಿಲ್ಲ. ಗೇಣಿ ಜಮೀನು ಹೋಗುತ್ತಿತ್ತು, ಶೇಂದಿ ಇಳಿಸೋ ಕೆಲಸವನ್ನ ಮಿಷನ್ನೇ ಒಪ್ಪುತ್ತಿರಲಿಲ್ಲ. ಆತ್ಮದ ಬಗ್ಗೆ ಮಾತಾಡೋಕೆ ಬಂದವರಿಗೆ ಹೊಟ್ಟೆ ಕಾಣಿಸಲೇಬೇಕಾಯಿತು. ನೇಯ್ಗೆ ಶುರುಮಾಡಿದರು, ಅಚ್ಚುಕೂಟ ಹಾಕಿದರು. ಅಚ್ಚುಕೂಟದ ಕೆಲಸಕ್ಕೆ ಬಂದಿದ್ದ ಗಿಯಾರ್ಗ್ ಪ್ಲೆಬ್ಸ್ಟ್ ಸ್ಥಳೀಯ ಜೇಡಿಮಣ್ಣು ನೋಡಿ ಪ್ರಯೋಗ ಮಾಡಿ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮಂಗಳೂರು ಹಂಚು ಅಂತ ಇವತ್ತೂ ನಾವು ಕರೆಯೋದು ಅದರ ಸಂತತಿಯನ್ನೇ. ನಿಮ್ಮ ಅಜ್ಜಿ ಮನೆಯ ಮಾಡಿನ ಮೇಲೆ ಅದು ಇದ್ದಿರಬಹುದು. ಕಾರ್ಖಾನೆ ಅಂದ ಮೇಲೆ ಗಂಟೆ, ಮೇಸ್ತ್ರಿ, ಸಂಬಳ, ದಂಡ ಎಲ್ಲ ಇತ್ತು. ಪೀಣ್ಯದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ದೇವರೂ ಸಂಬಳವೂ ಒಂದೇ ಕಡೆಯಿಂದ ಬಂದಾಗ ಯಾರ ನಂಬಿಕೆ ಎಷ್ಟು ಅಂತ ಅಳೆಯೋದು ಕಷ್ಟ ಅನ್ನೋ ಆಕ್ಷೇಪ ನ್ಯಾಯವಾದದ್ದೇ. ಆದರೆ ಜಾತಿಯ ಕಸುಬು ಬಿಟ್ಟು ಕೂಲಿಯ ಲೆಕ್ಕಕ್ಕೆ ದುಡಿಯೋ ಮೊದಲ ಪೀಳಿಗೆಗೆ ಅದು ಏನಾಗಿತ್ತು ಅನ್ನೋದೂ ಅಷ್ಟೇ ನಿಜ.

ಈಗ ಎರಡನೇ ಸಲದ ಮುಟ್ಟುವಿಕೆಗೆ ಬರೋಣ. ಅದು ಆದದ್ದು ಕನ್ನಡದಿಂದ.

ಜನರ ಜೊತೆ ಮಾತಾಡಬೇಕಾದರೆ ಅವರ ಪುಸ್ತಕ ಓದಬೇಕು ಅಂತ ಮೋಗ್ಲಿಂಗ್‌ಗೆ ಬೇಗ ಗೊತ್ತಾಯಿತು. ಓಲೆಗರಿಗಳನ್ನ ಹುಡುಕಿಸಿದರು, ನಕಲು ಮಾಡಿಸಿದರು. ನೀಲಗಿರಿಯಲ್ಲಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ದುಡ್ಡು ಕೊಟ್ಟರು. 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ಚೆನ್ನಬಸವ ಪುರಾಣ, ದಾಸರ ಪದಗಳು ಅಚ್ಚಾಗಿ ಬಂದವು. ಒಂದು ಕ್ಷಣ ಯೋಚನೆ ಮಾಡಿ. ಯಾವುದನ್ನ ಕತ್ತಲೆ ಅಂತ ಕರೆಯೋಕೆ ಬಂದಿದ್ದರೋ ಅದನ್ನೇ ಕಲ್ಲಚ್ಚಿಗೆ ಏರಿಸಿ, ಕರಡು ತಿದ್ದಿ, ಉಳಿಸಿ ಕೊಟ್ಟರು. ಮುಂದೆ ಅದೇ ಮಿಷನ್ನಿನ ವ್ಯೂರ್ತ್ 1868ರಲ್ಲಿ ‘ಪ್ರಾಕ್ಕಾವ್ಯಮಾಲಿಕೆ’ ಅನ್ನೋ ಹಳಗನ್ನಡ ಸಂಕಲನ ತಂದರು. ಇವರು ತಮ್ಮ ನಂಬಿಕೆ ಬಿಟ್ಟರು ಅಂತಲ್ಲ. ಕೊನೆಯವರೆಗೂ ಮಿಷನರಿಗಳೇ. ಆದರೆ ಒಂದು ಕಾವ್ಯದ ಕರಡನ್ನ ಅಕ್ಷರ ಅಕ್ಷರ ತಿದ್ದಿದವನಿಗೆ, ಅದನ್ನ ಹಾಡೋ ಜನ ಬರೀ ಗುಂಪಾಗಿ ಕಾಣೋದು ಕಷ್ಟ.

ಇದರ ತುತ್ತತುದಿ ಫರ್ಡಿನೆಂಡ್ ಕಿಟ್ಟೆಲ್. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಇಲ್ಲಿಗೆ ಬಂದವರು. ಭಾರತೀಯರಿಗೆ ಭಾರತೀಯನಾಗಿ ಬದುಕಬೇಕು ಅನ್ನೋದು ಅವರ ಹಟ. ಅದು ಪೌಲನಿಂದ ಕಲಿತದ್ದು. ನಡೆದುಕೊಂಡು ಊರೂರು ಸುತ್ತೋದು, ಸರಳವಾಗಿರೋದು, ದಿನವಿಡೀ ಕನ್ನಡ. ಮಿಷನ್ನಿನ ಹಿರಿಯರಿಗೆ ಇದು ಹಿಡಿಸಲಿಲ್ಲ. ಇವನು ಸುವಾರ್ತೆ ಸಾರೋಕೆ ಬಂದನೋ ಪುಸ್ತಕ ಓದೋಕೆ ಬಂದನೋ ಅನ್ನೋ ಅನುಮಾನ. ಮಿಷನರಿಯಾಗಿ ಅವರನ್ನ ಸೋತವರು ಅಂತಲೇ ಲೆಕ್ಕ ಹಾಕಬೇಕು. ಇವತ್ತಿನ ಭಾಷೆಯಲ್ಲಿ ಹೇಳಬೇಕಾದರೆ ಅಪ್ರೈಸಲ್ಲಿನಲ್ಲಿ ಪಾಸಾಗದ ಮನುಷ್ಯ.

ಅವರು ಮಾಡಿದ್ದು ಏನು ನೋಡಿ. 1862ರಲ್ಲಿ ‘ಕಥಾಮಾಲೆ’ ಬರೆದರು, ಯೇಸುವಿನ ಕಥೆಯನ್ನ ಕನ್ನಡದ ಛಂದಸ್ಸಿನಲ್ಲಿ ಹೇಳಿದ ಪುಸ್ತಕ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಸಂಪಾದಿಸಿದರು. ಆಮೇಲೆ ನಿಘಂಟು. ಮಿಷನ್ನಿಗೆ ಬೇಕಿದ್ದದ್ದು ಅನುವಾದಕ್ಕೆ, ಬೋಧನೆಗೆ ಆಗೋ ಒಂದು ಪದಕೋಶ. ಕಿಟ್ಟೆಲ್ ಕೊಟ್ಟದ್ದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, 1,700 ಪುಟ ದಾಟಿದ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು. ಹಳಗನ್ನಡ ಕಾವ್ಯದ ಪ್ರಯೋಗಗಳು ಅದರಲ್ಲಿವೆ, ಬೀದಿ ಮಾತೂ ಇದೆ, ಸಾವಿರಾರು ಗಾದೆಗಳಿವೆ. ಅಡುಗೆ, ಬೇಸಾಯ, ಗಿಡಮೂಲಿಕೆ, ಬೈಗುಳ ಯಾವುದನ್ನೂ ಬಿಟ್ಟಿಲ್ಲ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಮುಂದೆ ಮದ್ರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಆ ನಿಘಂಟನ್ನ ಪರಿಷ್ಕರಿಸಿ ನಾಲ್ಕು ಸಂಪುಟ ಮಾಡಿದರು. ಇವತ್ತಿಗೂ ಕನ್ನಡ ಪದದ ಮೂಲದ ಬಗ್ಗೆ ಜಗಳ ಬಂದರೆ ಮೊದಲು ತೆಗೆಯೋದು ಕಿಟ್ಟೆಲ್‌ನೇ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ಇದೆ.

ಇಬ್ರಿಯರ ಪತ್ರದ ಆ ಪಟ್ಟಿ ನೆನಪಿರಲಿ ಅಂದಿದ್ದೆನಲ್ಲ, ಅದು ಇಲ್ಲಿಗೆ. ನಂಬಿಕೆಯಿಂದ ದೂರದ್ದನ್ನ ಕಂಡವರು, ಕೈಗೆ ಸಿಗದೆ ಸತ್ತವರು. ನಾವು ಸಾಮಾನ್ಯವಾಗಿ ದೂರದೃಷ್ಟಿ ಅಂದರೆ ಮುಂದಾಗೋದನ್ನ ಸರಿಯಾಗಿ ಊಹಿಸೋದು ಅಂದುಕೊಳ್ಳುತ್ತೇವೆ. ಕಂಪನಿಗಳ ‘ವಿಷನ್’ ಅಂದರೆ ಅದೇ: ಐದು ವರ್ಷದಲ್ಲಿ ಇಷ್ಟು ಅಂತ ಹೇಳೋದು, ಆಗಲಿಲ್ಲ ಅಂದರೆ ಸ್ಲೈಡ್ ಬದಲಾಯಿಸೋದು. ಆ ಲೆಕ್ಕದಲ್ಲಿ ಕಿಟ್ಟೆಲ್ ದೃಷ್ಟಿ ಸುಳ್ಳಾಯಿತು. ಅವರು ಕಂಡಿದ್ದ ಕ್ರೈಸ್ತ ಕನ್ನಡನಾಡು ಬರಲಿಲ್ಲ. ಬಂದದ್ದು ಕನ್ನಡದವರೆಲ್ಲರ ಒಂದು ಪುಸ್ತಕ, ಅದನ್ನ ತೆರೆಯೋಕೆ ಯಾರೂ ಯಾವ ದೇವರನ್ನೂ ನಂಬಬೇಕಾಗಿಲ್ಲ. ಆದರೆ ಆ ನಂಬಿಕೆ ಇಲ್ಲದಿದ್ದರೆ ಅಷ್ಟು ವರ್ಷ ಆ ಮೇಜಿನ ಮುಂದೆ ಯಾರು ಕೂರುತ್ತಿದ್ದರು? ಸಂಬಳಕ್ಕೆ ಆಗೋ ಕೆಲಸ ಅಲ್ಲ ಅದು. ನಂಬಿಕೆ ಅವರಿಗೆ ಮುಂದಿನದನ್ನ ತೋರಿಸಲಿಲ್ಲ. ಎದುರಿಗಿದ್ದದ್ದನ್ನ, ಒಂದೊಂದು ಪದವನ್ನೂ, ಬೆಲೆಯುಳ್ಳದ್ದು ಅಂತ ನೋಡೋ ಹಾಗೆ ಮಾಡಿತು.

ಹಾಗಂತ ಈ ಕಥೆಯಿಂದ ನಂಬಿದವರಿಗೆಲ್ಲ ಕಣ್ಣು ಬರುತ್ತೆ ಅಂತ ತೀರ್ಮಾನ ಮಾಡೋ ಹಾಗಿಲ್ಲ. ಯೋಹಾನನ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನಿಗೆ ದೃಷ್ಟಿ ಬಂದ ಕಥೆ ಮುಗಿಯೋದು ಎಚ್ಚರಿಕೆಯಲ್ಲಿ: ನಮಗೆ ಕಾಣುತ್ತೆ ಅಂತ ಖಚಿತವಾಗಿ ಹೇಳಿಕೊಳ್ಳೋ ಧರ್ಮದ ಪಂಡಿತರೇ ಅಲ್ಲಿ ಕುರುಡರಾಗಿ ಉಳಿಯುತ್ತಾರೆ. ಮಿಷನರಿಗಳಲ್ಲೂ ಬಹಳ ಜನ ಮೊದಲ ಮುಟ್ಟುವಿಕೆಯಲ್ಲೇ ತೃಪ್ತರಾಗಿ ವಾಪಸ್ ಹೋದರು. ಇನ್ನೊಬ್ಬರ ದೇವರನ್ನ ಕತ್ತಲೆ ಅನ್ನೋ ಚಾಳಿ ಯಾವ ಒಂದು ಧರ್ಮದ ಸ್ವತ್ತೂ ಅಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪು ತೆರೆದರೆ ಸಾಕು, ಎಲ್ಲರಿಗೂ ಕಣ್ಣಿದೆ, ಎಲ್ಲರಿಗೂ ಎದುರಿನವರು ಮರಗಳೇ.

ಕೊನೆಗೆ ಒಂದು ಪದದ ಬಗ್ಗೆ ಹೇಳಿ ಮುಗಿಸುತ್ತೇನೆ. ಕನ್ನಡ ಚರ್ಚುಗಳಲ್ಲಿ ಆರಾಧನೆಯ ನಡುವೆ ಚೀಲವೋ ತಟ್ಟೆಯೋ ಹಿಡಿದು ಬರುತ್ತಾರಲ್ಲ, ಅದಕ್ಕೆ ಕಾಣಿಕೆ ಅಂತಾರೆ. ಗುಡಿಯ ಹುಂಡಿಗೆ ಹಾಕೋದೂ ಕಾಣಿಕೆಯೇ. ಅದರ ಮೂಲ ‘ಕಾಣ್’ ಅನ್ನೋ ಧಾತು. ದೊಡ್ಡವರನ್ನ ಕಾಣೋಕೆ ಹೋದಾಗ ಬರಿಗೈಯಲ್ಲಿ ಹೋಗಬಾರದು ಅಂತ ತೆಗೆದುಕೊಂಡು ಹೋಗೋದು. ನಂಬಿಕೆಗೂ ಕಣ್ಣಿಗೂ ಅಷ್ಟಕ್ಕಷ್ಟೆ ಅಂತ ಮೊದಲಿಗೆ ಹೇಳಿದೆ. ಆದರೆ ಭಾಷೆಯ ಒಳಗೆ ಎಲ್ಲೋ ಈ ಲೆಕ್ಕ ಇತ್ತು: ಕಾಣಬೇಕಾದರೆ ಏನಾದರೂ ಕೊಡಬೇಕು.

ಕಿಟ್ಟೆಲ್ ಬದುಕಿನ ನಲವತ್ತು ವರ್ಷ ಕೊಟ್ಟರು. ಕೌಂಡಿನ್ಯರು ಮನೆ, ಜಾತಿ, ಊರಿನ ಮರ್ಯಾದೆ ಕೊಟ್ಟರು. ಆನಂದಪುರದ ಕುಟುಂಬಗಳು ಬಿಟ್ಟು ಬಂದದ್ದು ಕಷ್ಟದ್ದೇ ಆದರೂ ಗೊತ್ತಿದ್ದ ಒಂದು ನೆಲವನ್ನ. ಇವರೆಲ್ಲ ತಾವು ಕಂಡದ್ದಕ್ಕೆ ತಾವೇ ಬೆಲೆ ಕೊಟ್ಟವರು. ಮಿಷನ್ನಿನ ವರದಿಗಳಲ್ಲಿ, ಪತ್ರಗಳಲ್ಲಿ ಇವರ ಕಥೆ ಬಾಸೆಲ್‌ವರೆಗೆ ಹೋಯಿತು. ಮಂಗಳೂರಿನ ಆ ಮನೆಯಲ್ಲೇ ಉಳಿದ ಹೆಣ್ಣುಮಗಳು ಯಾವ ವರದಿಯನ್ನೂ ಬರೆಯಲಿಲ್ಲ. ಅವಳು ಏನನ್ನೂ ಕಾಣೋಕೆ ಹೊರಟವಳಲ್ಲ. ಆದರೂ ಗಂಡನ ದೃಷ್ಟಿಗೆ ಸಂದ ಕಾಣಿಕೆಯಲ್ಲಿ ದೊಡ್ಡ ಪಾಲು ಅವಳದ್ದೇ.